ಬೀಜಗಣಿತದ ತರಗತಿಯಲ್ಲಿ ಹೆಣಗಾಟಕ್ಕೆ ಜಾಗ ಮಾಡಿಕೊಡುವ ಬಗೆ

ಗದಗ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಹಲವು ವರ್ಷ ಬೀಜಗಣಿತವನ್ನು ಒಂದೇ ರೀತಿಯಲ್ಲಿ ಕಲಿಸಿದೆ. ಮಾದರಿ ಲೆಕ್ಕವೊಂದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸುವುದು, ಅದೇ ಅಚ್ಚಿನ ಇನ್ನೆರಡನ್ನು ಬಿಡಿಸುವುದು, ಉಳಿದವನ್ನು ಮನೆಗೆಲಸಕ್ಕೆ ಕೊಡುವುದು. ನಮ್ಮ ಕಡೆ ಖಡು ಎನ್ನುವ ಸೀಮೆಸುಣ್ಣ ಅವಧಿಯುದ್ದಕ್ಕೂ ನನ್ನ ಕೈಯಲ್ಲೇ ಇರುತ್ತಿತ್ತು. ಮಕ್ಕಳು ವಹಿಯಲ್ಲಿ ಅಂದವಾಗಿ ಬರೆದುಕೊಳ್ಳುತ್ತಿದ್ದರು. ಕಿರುಪರೀಕ್ಷೆಯಲ್ಲಿ ಅಂಕೆಗಳನ್ನು ಬದಲಿಸಿದರೆ ಬಿಡಿಸುತ್ತಿದ್ದರು, ಮಾತನ್ನು ಬದಲಿಸಿದರೆ ಪೆನ್ನು ಕೆಳಗಿಡುತ್ತಿದ್ದರು. ‘ಸರ್, ಇದನ್ನ ನೀವು ಹೇಳಿಕೊಟ್ಟೇ ಇಲ್ರಿ’ ಎಂದು ಒಬ್ಬ ಹುಡುಗ ಒಮ್ಮೆ ಎದ್ದು ನಿಂತು ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಆದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹೇಳಿಕೊಡದೇ ಇದ್ದುದನ್ನು ಎದುರಿಸುವ ಅಭ್ಯಾಸವನ್ನು ನಾನು ಅವನಿಗೆ ಎಂದೂ ಕೊಟ್ಟಿರಲಿಲ್ಲ.

ಆ ಅಭ್ಯಾಸವನ್ನು ತರಗತಿಯೊಳಗೇ ಹೇಗೆ ಕೊಡಬಹುದು ಎಂಬುದನ್ನು ಸಹೋದ್ಯೋಗಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳ ಪಕ್ಕ ಕುಳಿತು ಲೆಕ್ಕ ಮಾಡಿಸುವ ತಂದೆತಾಯಿಗಳಿಗೂ ಇದರಲ್ಲಿ ಕೆಲವು ಸಂಗತಿಗಳು ಉಪಯೋಗಕ್ಕೆ ಬಂದಾವು.

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು: ಹೆಣಗಾಟ ಮತ್ತು ಪರದಾಟ. ಹೆಣಗುವ ವಿದ್ಯಾರ್ಥಿಗೆ ಏನು ಬೇಕಾಗಿದೆ ಎಂಬುದು ಗೊತ್ತಿರುತ್ತದೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಗೊತ್ತಿರುವುದಿಲ್ಲ. ಅವನ ಹಾಳೆಯ ಮೇಲೆ ಐದು ನಿಮಿಷದ ಹಿಂದೆ ಇಲ್ಲದಿದ್ದ ಏನೋ ಒಂದು, ತಪ್ಪಾದರೂ ಸರಿ, ಈಗ ಬಂದಿರುತ್ತದೆ. ಪರದಾಡುವವನಿಗೆ ಪ್ರಶ್ನೆಯೇ ಕೈಗೆ ಸಿಕ್ಕಿರುವುದಿಲ್ಲ. ಅವನು ಒಂದೇ ಸಾಲನ್ನು ಮೂರು ಸಲ ಅಳಿಸಿ ಮೂರು ಸಲ ಬರೆಯುತ್ತಾನೆ, ಪಕ್ಕದವನ ಹಾಳೆಯ ಕಡೆ ಕಣ್ಣು ಹಾಯಿಸುತ್ತಾನೆ, ಕೊನೆಗೆ ಪೆನ್ನಿಗೆ ಟೊಪ್ಪಿಗೆ ಹಾಕಿ ಕುಳಿತುಬಿಡುತ್ತಾನೆ. ಹೊರಗಿನಿಂದ ಇಬ್ಬರೂ ಲೆಕ್ಕ ಬಾರದವರಂತೆಯೇ ಕಾಣುವುದರಿಂದ ನಾವು ಇಬ್ಬರಿಗೂ ಉತ್ತರವನ್ನು ಹೇಳಿಬಿಡುತ್ತೇವೆ. ಮೊದಲನೆಯವನಿಂದ ಕಲಿಯುವ ಅವಕಾಶವನ್ನು ಹೀಗೆ ಕಸಿದುಕೊಂಡಂತಾಗುತ್ತದೆ, ಎರಡನೆಯವನಿಗೆ ಇದರಿಂದ ಸಿಗುವುದೂ ಏನಿಲ್ಲ. ಈ ವಿಧಾನದ ಕೆಲಸವೆಲ್ಲ ಇರುವುದು ಹೆಣಗಾಟವನ್ನು ಉಳಿಸಿಕೊಂಡು ಪರದಾಟವನ್ನು ತಡೆಯುವುದರಲ್ಲಿ.

ಕಲಿಕೆಯ ಸಂಶೋಧನೆ ಏನು ಹೇಳುತ್ತದೆ

ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯು 2014ರಲ್ಲಿ ಪಟ್ಟಿ ಮಾಡಿದ ಎಂಟು ಬೋಧನಾ ಕ್ರಮಗಳಲ್ಲಿ ಫಲ ಕೊಡುವ ಹೆಣಗಾಟಕ್ಕೆ ಆಸರೆ ನೀಡುವುದೂ ಒಂದು. ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ನಮ್ಮ ದೇಶದ ಮಕ್ಕಳೊಂದಿಗೆ ನಡೆದು, 2008ರಲ್ಲಿ ಪ್ರಕಟವಾದ ಮನು ಕಪೂರ್ ಅವರ ಅಧ್ಯಯನ. ಅದರಲ್ಲಿ ಹನ್ನೊಂದನೆಯ ತರಗತಿಯ ವಿಜ್ಞಾನ ವಿದ್ಯಾರ್ಥಿಗಳಿಗೆ ಚಲನೆಯ ಲೆಕ್ಕಗಳನ್ನು ಕೊಡಲಾಗಿತ್ತು. ಕೆಲವು ಗುಂಪುಗಳಿಗೆ ಜಟಿಲವಾದ, ಬಿಡಿಬಿಡಿಯಾಗಿ ಕಟ್ಟಿಕೊಡದ ಸಮಸ್ಯೆಗಳು, ಉಳಿದ ಗುಂಪುಗಳಿಗೆ ಅಚ್ಚುಕಟ್ಟಾದ ಸಮಸ್ಯೆಗಳು. ಜಟಿಲ ಸಮಸ್ಯೆ ಸಿಕ್ಕ ಗುಂಪುಗಳ ಚರ್ಚೆ ಚದುರಿಹೋಯಿತು, ಅವರ ಉತ್ತರಗಳೂ ಕಳಪೆಯಾಗಿದ್ದವು. ಆದರೆ ಆಮೇಲೆ ಒಬ್ಬೊಬ್ಬರಾಗಿ ಲೆಕ್ಕ ಬಿಡಿಸುವಾಗ ಅವರೇ ಮುಂದೆ ಬಂದರು. ಮೊದಲು ಸೋತದ್ದು ವ್ಯರ್ಥವಾಗಲಿಲ್ಲ.

ಇದನ್ನು ಓದಿ ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎಂದು ಕೈಕಟ್ಟಿ ನಿಲ್ಲುವವರಿಗೆ ಇನ್ನೊಂದು ಅಧ್ಯಯನವನ್ನೂ ನೆನಪಿಸಬೇಕು. 1985ರಲ್ಲಿ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತವನ್ನೇ ಎತ್ತಿಕೊಂಡು, ಸಮೀಕರಣದ ಪದಗಳನ್ನು ಆಚೀಚೆ ಮಾಡುವಂಥ ಕೆಲಸದಲ್ಲಿ ಬಿಡಿಸಿ ತೋರಿಸಿದ ಮಾದರಿಗಳನ್ನು ಓದಿದವರು, ತಾವೇ ಒದ್ದಾಡಿ ಬಿಡಿಸಿದವರಿಗಿಂತ ಬೇಗ ಕಲಿತರೆಂದೂ ಅಂಥದೇ ಲೆಕ್ಕಗಳಲ್ಲಿ ಕಡಿಮೆ ತಪ್ಪು ಮಾಡಿದರೆಂದೂ ತೋರಿಸಿದರು. ಲೆಕ್ಕದ ಅಚ್ಚು ಬೇರೆಯಾದಾಗ ಮಾತ್ರ ಆ ಅನುಕೂಲ ಉಳಿಯಲಿಲ್ಲ. ನನ್ನ ಮಟ್ಟಿಗೆ ಈ ಎರಡು ಅಧ್ಯಯನಗಳು ಜಗಳವಾಡುವುದಿಲ್ಲ. ಪಕ್ಷಾಂತರ ಮಾಡುವುದು, ಆವರಣ ಬಿಡಿಸುವುದು, ಮಧ್ಯಪದವನ್ನು ಒಡೆದು ಅಪವರ್ತಿಸುವುದು, ಇವೆಲ್ಲ ಕೈಗೆ ಹತ್ತಬೇಕಾದ ಕೆಲಸಗಳು. ಇವುಗಳನ್ನು ಬಿಡಿಸಿ ತೋರಿಸಿ, ಮಾಡಿಸಿ, ಮತ್ತೆ ಮಾಡಿಸಿ. ಅಕ್ಷರ ಎಂದರೇನು, ಸಮಚಿಹ್ನೆ ಏನು ಹೇಳುತ್ತದೆ, ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದರೆ ಮೂರನೆಯದು ಹೇಗೆ ಹೊರಬೀಳುತ್ತದೆ ಎಂಬುದು ತಲೆಗೆ ಹತ್ತಬೇಕಾದ ವಿಚಾರ. ಹೆಣಗಾಟ ಬೇಕಾದದ್ದು ಅಲ್ಲಿ.

ಲೆಕ್ಕವನ್ನು ಆಯುವುದು

ಅರ್ಧ ಕೆಲಸ ತರಗತಿಗೆ ಕಾಲಿಡುವ ಮೊದಲೇ ಮುಗಿದಿರುತ್ತದೆ, ಏಕೆಂದರೆ ಲೆಕ್ಕ ಸರಿಯಿಲ್ಲದಿದ್ದರೆ ಎಷ್ಟು ಜಾಣತನದ ಪ್ರಶ್ನೆ ಕೇಳಿದರೂ ಅವಧಿ ಹಾಳಾಗುತ್ತದೆ. ಒಳ್ಳೆಯ ಲೆಕ್ಕದಲ್ಲಿ ನಾನು ಮೂರು ಗುಣ ಹುಡುಕುತ್ತೇನೆ. ತರಗತಿಯ ತೀರಾ ಹಿಂದುಳಿದ ವಿದ್ಯಾರ್ಥಿಯೂ ಅದನ್ನು ಎಲ್ಲಾದರೂ ಮುಟ್ಟುವಂತಿರಬೇಕು. ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ತಪ್ಪು ದಾರಿ ಹಿಡಿದವರಿಗೆ ಅದು ತಪ್ಪೆಂದು ಲೆಕ್ಕವೇ ಹೇಳಬೇಕು, ಶಿಕ್ಷಕ ಹೇಳಬೇಕಾಗಿ ಬರಬಾರದು.

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ಆರಂಭಿಸುವ ಮುನ್ನ, ಒಂದು ಚರಾಕ್ಷರವನ್ನು ತೆಗೆದುಹಾಕಿ ಇನ್ನೊಂದರ ಬೆಲೆ ಕಂಡುಹಿಡಿಯುವ ‘ವರ್ಜಿಸುವ ವಿಧಾನ’ದ ಹೆಸರನ್ನೂ ಎತ್ತದೆ, ನಾನು ಕೊಡುವ ಲೆಕ್ಕ ಇದು. ಗದಗಿನ ಅಂಗಡಿಯೊಂದರಲ್ಲಿ ಮೂರು ಪ್ಲೇಟ್ ಮಿರ್ಚಿ ಮತ್ತು ಎರಡು ಚಹಾಕ್ಕೆ 110 ರೂಪಾಯಿ ಆಯಿತು. ಪಕ್ಕದ ಬೆಂಚಿನವರಿಗೆ ಎರಡು ಪ್ಲೇಟ್ ಮಿರ್ಚಿ ಮತ್ತು ಮೂರು ಚಹಾಕ್ಕೆ 90 ರೂಪಾಯಿ ಆಯಿತು. ಒಂದು ಪ್ಲೇಟ್ ಮಿರ್ಚಿಗೆ ಎಷ್ಟು, ಒಂದು ಚಹಾಕ್ಕೆ ಎಷ್ಟು?

ಪ್ರತಿ ವರ್ಷ ಯಾರಾದರೂ ಐದು ವಸ್ತುಗಳಿಗೆ 110 ಎಂದು ಭಾಗಿಸಿ ಒಂದಕ್ಕೆ 22 ರೂಪಾಯಿ ಎಂದು ಬರೆಯುತ್ತಾರೆ. ಎರಡನೆಯ ಬಿಲ್ಲಿನಲ್ಲಿಯೂ ಐದೇ ವಸ್ತುಗಳಿವೆ, ಆದರೆ ಮೊತ್ತ 90. ಆ ವಿದ್ಯಾರ್ಥಿಗೆ ನಾನು ‘ತಪ್ಪು’ ಎನ್ನಬೇಕಾಗಿಲ್ಲ, ‘ನಿನ್ನ ದರದಾಗ ಪಕ್ಕದ ಬೆಂಚಿನವರ ಬಿಲ್ ಎಷ್ಟಾಗ್ತದ ನೋಡು’ ಎಂದರೆ ಸಾಕು. ಎರಡೂ ಬಿಲ್ಲುಗಳಲ್ಲಿ ವಸ್ತುಗಳ ಸಂಖ್ಯೆಯನ್ನು ಐದಕ್ಕೇ ನಿಲ್ಲಿಸಿರುವುದು ಈ ಕಾರಣಕ್ಕೆ.

ಸಮಾಂತರ ಶ್ರೇಢಿಗೆ, ಅಥವಾ ಒಂಬತ್ತನೆಯ ತರಗತಿಯಲ್ಲಿ ಬೀಜೋಕ್ತಿಯ ಅರ್ಥ ಬಿಡಿಸಲು, ನಾನು ಕಸೂತಿಯನ್ನು ನೆಚ್ಚಿಕೊಂಡಿದ್ದೇನೆ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯುತ್ತಾರೆ. ಗೋಪುರ ಆ ಕಸೂತಿಯ ಹಳೆಯ ವಿನ್ಯಾಸಗಳಲ್ಲೊಂದು. ಅದನ್ನು ಸರಳ ಮಾಡಿ ಚೌಕುಳಿ ಹಾಳೆಯ ಮೇಲೆ ಬರೆಸಬಹುದು. ಮೊದಲ ಗೋಪುರ ಒಂದೇ ಚೌಕ. ಎರಡನೆಯದಕ್ಕೆ ಕೆಳಗೆ ಮೂರು ಚೌಕಗಳ ಸಾಲು, ಮೇಲೆ ನಡುವೆ ಒಂದು. ಮೂರನೆಯದಕ್ಕೆ ಐದು, ಮೂರು, ಒಂದು. ಚೌಕದ ಒಂದು ಬದಿಗೆ ಒಂದು ಹೊಲಿಗೆ ಎಂದು ಹಿಡಿದರೆ ಗೋಪುರದ ಹೊರ ಅಂಚಿಗೆ ಎಷ್ಟು ಹೊಲಿಗೆ ಬೇಕು? 4, 10, 16 ಎಂದು ಎಲ್ಲರೂ ಎಣಿಸುತ್ತಾರೆ. ಹತ್ತನೆಯ ಗೋಪುರಕ್ಕೆ 58 ಎಂಬಲ್ಲಿಗೂ ಹಲವರು ತಲುಪುತ್ತಾರೆ. ಇಪ್ಪತ್ತನೆಯದಕ್ಕೆ ಎಷ್ಟು ಎಂದು ಕೇಳಿದಾಗ 58ರ ಇಮ್ಮಡಿ 116 ಎನ್ನುವವರು ಒಂದು ಗುಂಪು, ಆರಾರು ಕೂಡಿಸುತ್ತ ಹೋಗಿ 118 ಎನ್ನುವವರು ಇನ್ನೊಂದು ಗುಂಪು. ಆ ಎರಡು ಹೊಲಿಗೆ ಎಲ್ಲಿ ಹೋದವು ಎಂಬ ಜಗಳವೇ ಅಂದಿನ ಪಾಠ. ಎಷ್ಟನೆಯ ಗೋಪುರ ಎಂಬುದನ್ನು ಎನ್ ಎಂದು ಹಿಡಿದರೆ ನಿಯಮ 6ಎನ್ − 2 ಆಗಿರುವುದರಿಂದ, ಇಮ್ಮಡಿ ಮಾಡುವಾಗ ಕಳೆಯಬೇಕಾದ ಎರಡನ್ನೂ ಇಮ್ಮಡಿ ಕಳೆದಂತಾಯಿತು ಎಂದು ಮಕ್ಕಳು ತಾವೇ ಹೇಳುವ ಹೊತ್ತಿಗೆ, ಸ್ಥಿರಾಂಕ ಎಂಬ ಪದಕ್ಕೆ ಅವರ ತಲೆಯಲ್ಲಿ ಒಂದು ಚಿತ್ರ ಕುಳಿತಿರುತ್ತದೆ. ಕೆಲವರು ಮೊದಲ ಪದಕ್ಕೆ ಆರಾರು ಸೇರಿಸಿ 4 + 6(ಎನ್ − 1) ಎಂದು ಬರೆದರೆ, ಮನೆಯಲ್ಲಿ ಹೊಲಿಗೆ ನೋಡಿ ಬೆಳೆದ ಹುಡುಗಿಯೊಬ್ಬಳು ಅಡ್ಡ ಹೊಲಿಗೆ, ಉದ್ದ ಹೊಲಿಗೆ ಎಂದು ಬೇರೆ ಮಾಡಿ 2(2ಎನ್ − 1) + 2ಎನ್ ಎಂದು ಬರೆದಳು. ಎರಡೂ ಒಂದೇ ಹೇಗೆ ಎಂದು ತೋರಿಸಲು ಆವರಣ ಬಿಡಿಸುವ ಅಗತ್ಯ ಅಂದು ಮಕ್ಕಳಿಗೇ ಬಿತ್ತು.

ಪಠ್ಯಪುಸ್ತಕದ ಲೆಕ್ಕವನ್ನೇ ತುಸು ತಿರುವಿದರೂ ಆಗುತ್ತದೆ. ರೈಲು ಕಂಬ ದಾಟುವ, ಪ್ಲಾಟ್‌ಫಾರ್ಮ್ ದಾಟುವ ಲೆಕ್ಕಗಳು ಎಲ್ಲ ಗೈಡುಗಳಲ್ಲಿಯೂ ಇವೆ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. ಗೂಡ್ಸ್ ಗಾಡಿಯೊಂದು ಒಂದೇ ವೇಗದಲ್ಲಿ ಸಾಗುತ್ತ ಸಿಗ್ನಲ್ ಕಂಬವನ್ನು 50 ಸೆಕೆಂಡಿನಲ್ಲಿ, ಇಡೀ ಪ್ಲಾಟ್‌ಫಾರ್ಮನ್ನು 187 ಸೆಕೆಂಡಿನಲ್ಲಿ ದಾಟಿತು ಎಂದಷ್ಟೇ ಹೇಳಿ, ಗಾಡಿಯ ಉದ್ದ ಮತ್ತು ವೇಗ ಕೇಳಿ. ಸೂತ್ರ ಕೊಡಬೇಡಿ. ಹೆಚ್ಚಿದ 137 ಸೆಕೆಂಡುಗಳು 1507 ಮೀಟರಿಗೇ ಖರ್ಚಾದವು ಎಂದು ಹೊಳೆದವರಿಗೆ ವೇಗ ಸೆಕೆಂಡಿಗೆ 11 ಮೀಟರ್, ಉದ್ದ 550 ಮೀಟರ್ ಎಂದು ತಾನೇ ಸಿಗುತ್ತದೆ. ಪ್ಯಾಸೆಂಜರ್ ಗಾಡಿ ಎಂದು ಬರೆದಿರೋ, ‘ಹುಬ್ಬಳ್ಳ್ಯಾಗ ಗಾಡಿ ನಿಲ್ಲಂಗಿಲ್ಲೇನ್ರಿ ಸರ್?’ ಎಂಬ ಪ್ರಶ್ನೆಗೆ ಸಿದ್ಧರಾಗಿರಬೇಕಾಗುತ್ತದೆ. ನನಗೆ ಅದು ಆಗಿದೆ.

ನಲವತ್ತು ನಿಮಿಷಗಳನ್ನು ಹಂಚುವುದು

ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಇಬ್ಬರಿಂದ ಅವರದೇ ಮಾತಿನಲ್ಲಿ ಹೇಳಿಸಿ, ಅಲ್ಲಿಗೆ ನಿಲ್ಲಿಸಿ. ಇದಕ್ಕೆ ಮೂರು ನಾಲ್ಕು ನಿಮಿಷ ಸಾಕು. ಮುಂದಿನ ಆರೇಳು ನಿಮಿಷ ಪ್ರತಿಯೊಬ್ಬರೂ ಮೌನವಾಗಿ, ಒಬ್ಬೊಬ್ಬರೇ, ಕಚ್ಚಾ ಹಾಳೆಯ ಮೇಲೆ ಬರೆಯಬೇಕು. ಈ ಮೌನವನ್ನು ಬಿಟ್ಟು ನೇರವಾಗಿ ಗುಂಪು ಚರ್ಚೆಗೆ ಹೋದರೆ ಬೆಂಚಿನ ಮೂವರಲ್ಲಿ ಒಬ್ಬ ಲೆಕ್ಕ ಮಾಡುತ್ತಾನೆ, ಉಳಿದಿಬ್ಬರು ಅವನ ಕೈ ನೋಡುತ್ತಾರೆ. ಎರಡು ನಿಮಿಷದೊಳಗೆ ಉತ್ತರ ಕೂಗುವ ಚುರುಕು ಹುಡುಗರು ಎಲ್ಲ ತರಗತಿಯಲ್ಲಿಯೂ ಇರುತ್ತಾರೆ. ಉತ್ತರ ಬಂದವರು ಅದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಮಗುಚಿಟ್ಟು, ಇನ್ನೊಂದು ದಾರಿಯಲ್ಲಿ ಅದೇ ಉತ್ತರ ಬರಿಸಬೇಕು ಎಂದು ಮೊದಲೇ ಕಟ್ಟುನಿಟ್ಟು ಮಾಡಿಡಿ. ಎರಡನೆಯ ದಾರಿ ಹುಡುಕುವಾಗ ಅವರೂ ಹೆಣಗುತ್ತಾರೆ.

ಆಮೇಲೆ ಸುಮಾರು ಹತ್ತು ನಿಮಿಷ ಪಕ್ಕದವರೊಡನೆ ಹಾಳೆ ಬದಲಿಸಿಕೊಂಡು ಮಾತಾಡಲಿ. ಈ ಹೊತ್ತಿನಲ್ಲಿ ನಿಮ್ಮ ಕೆಲಸ ಕುಳಿತುಕೊಳ್ಳುವುದಲ್ಲ, ಸಾಲುಗಳ ನಡುವೆ ತಿರುಗಿ ಯಾರ ಹಾಳೆಯಲ್ಲಿ ಯಾವ ದಾರಿ ಇದೆ ಎಂದು ನೋಡಿಕೊಳ್ಳುವುದು. ನಾನು ಅಂಗೈ ಅಗಲದ ಚೀಟಿಯಲ್ಲಿ ಬೆಂಚಿನ ಸಂಖ್ಯೆ ಬರೆದುಕೊಳ್ಳುತ್ತೇನೆ. ಮಿರ್ಚಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ನಾಲ್ಕು ದಾರಿಗಳು ಸಿಗುತ್ತವೆ. ಕೆಲವರು ಚಹಾಕ್ಕೆ 5 ಆದರೆ, 8 ಆದರೆ, 10 ಆದರೆ ಎಂದು ಪಟ್ಟಿ ಮಾಡಿ ಹಿಡಿಯುತ್ತಾರೆ. ಕೆಲವರು ಒಂದು ಪ್ಲೇಟ್ ಮಿರ್ಚಿ ಬಿಟ್ಟು ಒಂದು ಚಹಾ ಹೆಚ್ಚು ಕುಡಿದರೆ 20 ರೂಪಾಯಿ ಉಳಿಯಿತು, ಆದ್ದರಿಂದ ಮಿರ್ಚಿ ಚಹಾಕ್ಕಿಂತ 20 ರೂಪಾಯಿ ತುಟ್ಟಿ ಎಂದು ಗುರುತಿಸಿ, ಮೂರು ಮಿರ್ಚಿಯನ್ನು ಮೂರು ಚಹಾ ಮತ್ತು 60 ರೂಪಾಯಿ ಎಂದು ಬದಲಿಸುತ್ತಾರೆ. ಆಗ ಐದು ಚಹಾಕ್ಕೆ 50. ಕೆಲವರು ಎರಡೂ ಬಿಲ್ಲುಗಳನ್ನು ಕೂಡಿಸಿ ಐದು ಮಿರ್ಚಿ, ಐದು ಚಹಾಕ್ಕೆ 200, ಆದ್ದರಿಂದ ಒಂದು ಜೋಡಿಗೆ 40 ಎನ್ನುತ್ತಾರೆ. ಅಪರೂಪಕ್ಕೆ ಒಬ್ಬಿಬ್ಬರು ಮೊದಲ ಬಿಲ್ಲನ್ನು ಇಮ್ಮಡಿ, ಎರಡನೆಯದನ್ನು ಮುಮ್ಮಡಿ ಮಾಡಿ ಎರಡರಲ್ಲಿಯೂ ಆರಾರು ಮಿರ್ಚಿ ಬರುವಂತೆ ಸರಿಗಟ್ಟುತ್ತಾರೆ: 220 ಮತ್ತು 270, ನಡುವೆ ಐದು ಚಹಾದ ವ್ಯತ್ಯಾಸ.

ಇವುಗಳನ್ನು ಹಲಗೆಗೆ ತರುವ ಕ್ರಮವನ್ನು ಆ ಚೀಟಿ ನೋಡಿ ನೀವೇ ನಿರ್ಧರಿಸಬೇಕು, ಕೈ ಎತ್ತಿದವರನ್ನು ಕರೆಯುವುದಲ್ಲ. ಪಟ್ಟಿ ಮಾಡಿದವರನ್ನು ಮೊದಲು ಕರೆಯಿರಿ, ಏಕೆಂದರೆ ಅದು ಎಲ್ಲರಿಗೂ ಅರ್ಥವಾಗುತ್ತದೆ ಮತ್ತು ಅದನ್ನು ಮಾಡಿದವರು ಬಹುಮಟ್ಟಿಗೆ ಹಲಗೆಯ ಹತ್ತಿರ ಬಂದೇ ಇರದ ಮಕ್ಕಳು. ಸರಿಗಟ್ಟಿದವರು ಕೊನೆಗೆ ಬರಲಿ. ಯಾರೂ ಸರಿಗಟ್ಟದಿದ್ದರೆ ಚಿಂತೆಯಿಲ್ಲ, ಆ ದಾರಿಯನ್ನು ನೀವೇ ತೋರಿಸಿ.

ಕೊನೆಯ ಹತ್ತು ನಿಮಿಷ ಶಿಕ್ಷಕರದು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲ ಸಲ ಈ ರೀತಿ ಪಾಠ ಮಾಡಿದಾಗ ಗಂಟೆ ಬಾರಿಸುವವರೆಗೂ ಬಾಯಿ ಬಿಡದೆ ನಿಂತಿದ್ದೆ, ಮಕ್ಕಳು ಗೊಂದಲದಲ್ಲೇ ಎದ್ದು ಹೋದರು, ಮರುದಿನ ಎಲ್ಲರ ವಹಿಯಲ್ಲಿಯೂ ಒಂದೇ ಗೈಡಿನ ಒಂದೇ ಉತ್ತರವಿತ್ತು. ಹೆಣಗಾಟದ ನಂತರ ಪಾಠ ಬರಲೇಬೇಕು, ಅದೂ ಪೂರ್ತಿಯಾಗಿ, ಸ್ಪಷ್ಟವಾಗಿ. ಹಲಗೆಯ ಮೇಲಿರುವ ಮಕ್ಕಳ ಬರಹವನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಒಂದು ಪ್ಲೇಟ್ ಮಿರ್ಚಿಯ ಬೆಲೆ ಎಕ್ಸ್, ಒಂದು ಚಹಾದ ಬೆಲೆ ವೈ ಎಂದು ಹಿಡಿದು ಎರಡು ಸಮೀಕರಣಗಳನ್ನು ಬರೆಯಿರಿ, ಅವರು ಇಮ್ಮಡಿ ಮುಮ್ಮಡಿ ಮಾಡಿದ್ದೇ ಸಹಗುಣಕಗಳನ್ನು ಸಮ ಮಾಡುವುದು ಎಂದು ತೋರಿಸಿರಿ, ಆಗ ಮಾತ್ರ ವರ್ಜಿಸುವ ವಿಧಾನ ಎಂಬ ಹೆಸರಿಡಿ. ಕೂಡಿಸಿ ಭಾಗಿಸುವ ಉಪಾಯ ಎಲ್ಲೆಡೆ ನಡೆಯದು ಎಂಬುದಕ್ಕೆ ಮನೆಗೆಲಸವಾಗಿ ಐದು ಪ್ಲೇಟ್ ಎರಡು ಚಹಾಕ್ಕೆ 199, ಮೂರು ಪ್ಲೇಟ್ ನಾಲ್ಕು ಚಹಾಕ್ಕೆ 153 ಎಂದು ಕೊಡಿ. ಇಲ್ಲಿ ಕೂಡಿಸಿದರೆ ಎಂಟು ಮಿರ್ಚಿ, ಆರು ಚಹಾ ಬಂದು ದಾರಿ ಮುಚ್ಚುತ್ತದೆ, ಮೊದಲ ಬಿಲ್ಲನ್ನು ಇಮ್ಮಡಿಸಿದವರಿಗೆ ತೆರೆದುಕೊಳ್ಳುತ್ತದೆ.

ಯಾವಾಗ ಬಾಯಿ ತೆರೆಯಬೇಕು, ಏನು ಹೇಳಬೇಕು

ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆಂದೂ ಕಂಡರು. ಮೂರು ಸೆಕೆಂಡು ಕಡಿಮೆಯೆನಿಸಿದರೆ ನಾಳೆ ತರಗತಿಯಲ್ಲಿ ಮನಸ್ಸಿನಲ್ಲೇ ಎಣಿಸಿ ನೋಡಿ. ನನಗೆ ಅದು ಬಲು ದೀರ್ಘವೆನಿಸಿತ್ತು, ಕೈ ತಾನಾಗಿ ಹಲಗೆಯ ಕಡೆ ಹೋಗುತ್ತಿತ್ತು. ಖಡುವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುವುದು ಸಣ್ಣ ಉಪಾಯ, ಆದರೆ ಕೆಲಸ ಮಾಡುತ್ತದೆ.

ಹಾಳೆಯ ಮೇಲೆ ನಾಲ್ಕೈದು ನಿಮಿಷದಿಂದ ಏನೂ ಬದಲಾಗದಿದ್ದರೆ ಅಲ್ಲಿ ಪರದಾಟ ಶುರುವಾಗಿದೆ ಎಂದು ತಿಳಿಯಬೇಕು. ಆಗ ಹೋಗಿ ಮಾತಾಡಿಸಿ, ಆದರೆ ಮುಂದಿನ ಹೆಜ್ಜೆಯನ್ನು ಹೇಳಬೇಡಿ. ‘ಮೊದಲ ಸಮೀಕರಣವನ್ನು ಎರಡರಿಂದ ಗುಣಿಸು’ ಎಂದರೆ ಯೋಚನೆ ನಿಮ್ಮದಾಯಿತು, ಗುಣಾಕಾರ ಮಾತ್ರ ಅವನದು. ‘ಚೆನ್ನಾಗಿ ಯೋಚಿಸು’ ಎಂಬುದು ಅದಕ್ಕಿಂತಲೂ ನಿರುಪಯೋಗಿ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ನಡುವಿನ ಮಾತು ಬೇಕು: ‘ಎರಡೂ ಬಿಲ್ ಬಾಜೂಕ ಇಟ್ಟು ನೋಡು, ಯಾವುದು ಹೆಚ್ಚಾತು, ಯಾವುದು ಕಡಿಮಿ ಆತು?’ ‘ಇದೇ ಲೆಕ್ಕದಾಗ ಚಹಾ ಎರಡೂ ಕಡೆ ಎರಡೇ ಇದ್ದಿದ್ರ ಏನ್ ಮಾಡ್ತಿದ್ದಿ?’ ಎರಡನೆಯ ಪ್ರಶ್ನೆ ನನ್ನ ಅನುಭವದಲ್ಲಿ ಹೆಚ್ಚು ಬಾಗಿಲುಗಳನ್ನು ತೆರೆದಿದೆ, ಏಕೆಂದರೆ ವಿದ್ಯಾರ್ಥಿಯು ಸುಲಭದ ಲೆಕ್ಕವನ್ನು ಬಿಡಿಸಿ ಕಷ್ಟದ್ದಕ್ಕೆ ತಾನೇ ಹಿಂದಿರುಗುತ್ತಾನೆ. ಕೇಳಿದ ಮೇಲೆ ಅಲ್ಲಿ ನಿಲ್ಲಬೇಡಿ, ಮುಂದಿನ ಬೆಂಚಿಗೆ ಹೋಗಿಬಿಡಿ. ಶಿಕ್ಷಕ ಪಕ್ಕದಲ್ಲಿ ನಿಂತಿದ್ದರೆ ಮಕ್ಕಳು ಹಾಳೆಯನ್ನು ಬಿಟ್ಟು ಶಿಕ್ಷಕನ ಮುಖವನ್ನು ಓದಲಾರಂಭಿಸುತ್ತಾರೆ.

ಸರಿಯಾಗಿ ಮಾಡಿದವರಿಗೂ ‘ಹೇಗೆ ಗೊತ್ತು?’ ಎಂದು ಕೇಳುವುದನ್ನು ರೂಢಿ ಮಾಡಿ. ತಪ್ಪಿದಾಗ ಮಾತ್ರ ಆ ಪ್ರಶ್ನೆ ಬಂದರೆ ‘ಹೇಗೆ ಗೊತ್ತು’ ಎಂದರೆ ‘ತಪ್ಪು’ ಎಂದೇ ಅರ್ಥ ಎಂದು ಮಕ್ಕಳು ಒಂದು ವಾರದಲ್ಲಿ ಕಲಿತುಬಿಡುತ್ತಾರೆ.

ಬೀಜಗಣಿತದ್ದೇ ಆದ ಎಡವುಗಲ್ಲುಗಳು

ಕೆಲವು ತಪ್ಪುಗಳು ವರ್ಷ ವರ್ಷವೂ ಅದೇ ಜಾಗದಲ್ಲಿ ಬರುವುದರಿಂದ ಅವುಗಳ ಸುತ್ತಲೇ ಲೆಕ್ಕ ಕಟ್ಟಬಹುದು. (ಎ + ಬಿ)² ಎಂದರೆ ಎ² + ಬಿ² ಎಂಬ ತಪ್ಪನ್ನು ಸೂತ್ರ ಬಾಯಿಪಾಠ ಮಾಡಿಸಿ ಯಾರೂ ತೊಲಗಿಸಿಲ್ಲ. ಬದಿ 10 ಅಡಿ ಇರುವ ಚೌಕದ ಕಣವನ್ನು ಎರಡು ಬದಿಯಲ್ಲಿ ಮೂರು ಮೂರು ಅಡಿ ಹಿಗ್ಗಿಸಿ ಮತ್ತೆ ಚೌಕವನ್ನೇ ಮಾಡಿದರೆ ಹೊಸ ಕಣ ಎಷ್ಟು ಚದರ ಅಡಿ ಎಂದು ಕೇಳಿ. 100 ಮತ್ತು 9 ಕೂಡಿಸಿ 109 ಎಂದವರು ಚಿತ್ರ ಬರೆದಾಗ ಮೂವತ್ತು ಮೂವತ್ತು ಚದರ ಅಡಿಯ ಎರಡು ಪಟ್ಟಿಗಳು ಕಣ್ಣಿಗೆ ಬೀಳುತ್ತವೆ. ವರ್ಗ ಸಮೀಕರಣದಲ್ಲಿ ಎಕ್ಸ್² = 5ಎಕ್ಸ್ ಕೊಟ್ಟರೆ ತರಗತಿಯ ಬಹುಭಾಗ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ 5 ಎಂದು ನಿಲ್ಲಿಸುತ್ತದೆ. ಸೊನ್ನೆ ಹಾಕಿ ನೋಡಿ ಎಂದಷ್ಟೇ ಹೇಳಿ, ಕಳೆದುಹೋದ ಮೂಲ ಎಲ್ಲಿ ಕಳೆದುಹೋಯಿತು ಎಂದು ಹುಡುಕಲು ಬಿಡಿ.

ಇವೆಲ್ಲಕ್ಕಿಂತ ಆಳದ್ದು ಅಕ್ಷರದ ತೊಡಕು. ಒಂದು ಶಾಲೆಯಲ್ಲಿ ಪ್ರತಿ ಶಿಕ್ಷಕರಿಗೆ 30 ಮಕ್ಕಳು, ಶಿಕ್ಷಕರ ಸಂಖ್ಯೆ ಎಸ್, ಮಕ್ಕಳ ಸಂಖ್ಯೆ ಎಂ, ಇದನ್ನು ಸಮೀಕರಣವಾಗಿ ಬರೆಯಿರಿ ಎಂದರೆ ಜಾಣರೂ 30ಎಂ = ಎಸ್ ಎಂದು ಬರೆಯುತ್ತಾರೆ. ಅವರಿಗೆ ಎಂ ಎಂದರೆ ಮಕ್ಕಳ ಸಂಖ್ಯೆಯಾಗಿರದೆ ಮಕ್ಕಳೇ ಆಗಿರುತ್ತಾರೆ. ಶಿಕ್ಷಕರು ಇಬ್ಬರಿದ್ದರೆ ಮಕ್ಕಳೆಷ್ಟು ಎಂದು ಅವರದೇ ಸಮೀಕರಣದಲ್ಲಿ ಹಾಕಿಸಿದಾಗ ಹದಿನೈದನೆಯ ಒಂದು ಭಾಗ ಬಂದು ತರಗತಿ ನಗುತ್ತದೆ, ಆಮೇಲೆ ಯೋಚಿಸುತ್ತದೆ. ವಸ್ತುವಿನ ಹೆಸರಿನ ಮೊದಲಕ್ಷರವನ್ನೇ ಚರಾಕ್ಷರವಾಗಿ ಇಡುವ ನಮ್ಮ ಅಭ್ಯಾಸ ಈ ತಪ್ಪಿಗೆ ನೀರೆರೆಯುತ್ತದೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ರಾಶಿಗೆ ಬಳಸಿದ ಹೆಸರುಗಳು ಯಾವತ್ತಾವತ್, ಕಾಲಕ, ನೀಲಕ, ಪೀತಕ ಎಂಬಂಥವು. ಮೊದಲನೆಯದಕ್ಕೆ ‘ಎಷ್ಟೋ ಅಷ್ಟು’ ಎಂದರ್ಥ, ಉಳಿದವು ಬಣ್ಣಗಳು. ಬಣ್ಣವನ್ನು ಯಾರೂ ಮಿರ್ಚಿ ಎಂದು ತಪ್ಪಾಗಿ ಓದಲಾರರು. ‘ಎಷ್ಟೋ ಅಷ್ಟು’ ಎಂಬ ಮಾತನ್ನು ನಾನು ಎಂಟನೆಯ ತರಗತಿಯಲ್ಲಿ ಎಕ್ಸ್‌ಗೆ ಬದಲಾಗಿ ಒಂದು ವಾರ ಬಳಸುತ್ತೇನೆ: ‘ಎಷ್ಟೋ ಅಷ್ಟರ ಮೂರು ಪಟ್ಟಿಗೆ ಏಳು ಕೂಡಿಸಿದರೆ 22.’

ಯಾವಾಗ ಬೇಡ

ಮಗ್ಗಿ ಮತ್ತು ಋಣಸಂಖ್ಯೆಗಳು ಗಟ್ಟಿಯಿಲ್ಲದ ಮಕ್ಕಳು ಬೀಜಗಣಿತದೊಡನೆ ಹೆಣಗಲು ಕುಳಿತರೂ ನಿಜವಾಗಿ ಹೆಣಗುವುದು −7 + 3 ಎಷ್ಟು ಎಂಬುದರೊಡನೆ. ಅವರಿಗೆ ಚಿಕ್ಕ, ಪೂರ್ಣ ಅಂಕೆಗಳ ಲೆಕ್ಕ ಕೊಡಿ, ಮಗ್ಗಿಯ ಪಟ್ಟಿಯನ್ನು ಗೋಡೆಗೆ ತೂಗುಹಾಕಿ, ಕಲಿಯಬೇಕಾದ ವಿಚಾರಕ್ಕೆ ಮಾತ್ರ ಕಷ್ಟವನ್ನು ಉಳಿಸಿ. ಹೊಸ ಸಂಕೇತ ಅಥವಾ ಹೊಸ ಹೆಸರನ್ನು ಹೇಳಿಯೇ ಕೊಡಬೇಕು, ವರ್ಗ ಸಮೀಕರಣದ ಬಿ² − 4ಎಸಿಗೆ ಇರುವ ಶೋಧಕ ಎಂಬ ಹೆಸರನ್ನು ಯಾವ ಮಗುವೂ ಯೋಚಿಸಿ ಕಂಡುಹಿಡಿಯಲಾರದು. ಶನಿವಾರದ ಬೆಳಗಿನ ಶಾಲೆಯಲ್ಲಿ ಅವಧಿ ಮೊಟಕಾಗುವುದರಿಂದ ಅಂದೂ ಬೇಡ, ಕೊನೆಯ ಹತ್ತು ನಿಮಿಷ ಕೈತಪ್ಪುತ್ತದೆ. ಸುಗ್ಗಿಯ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿದ್ದಾಗ ಮಾಡಿದರೆ ಬಂದವರಿಗೊಂದು, ಬಾರದವರಿಗೊಂದು ಪಾಠವಾಗುತ್ತದೆ.

ಪೋರ್ಶನ್ ಮುಗಿಸುವ ಚಿಂತೆ ನನಗೂ ಇದೆ. ಎಸ್‌ಎಸ್‌ಎಲ್‌ಸಿಯ ಲಿಖಿತ ಪರೀಕ್ಷೆಯ 80 ಅಂಕಗಳು ಯಾರನ್ನೂ ಕಾಯುವುದಿಲ್ಲ, ಜನವರಿಯ ಹೊತ್ತಿಗೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಓದಿಸುವ ಪಾಸಿಂಗ್ ಪ್ಯಾಕೇಜಿನ ಮಾತು ಸ್ಟಾಫ್ ರೂಮಿನಲ್ಲಿ ಶುರುವಾಗಿಯೇ ಆಗುತ್ತದೆ. ಆದ್ದರಿಂದ ಪ್ರತಿದಿನ ಹೀಗೆ ಕಲಿಸಿ ಎಂದು ನಾನು ಹೇಳುವುದಿಲ್ಲ. ಒಂದು ಅಧ್ಯಾಯಕ್ಕೆ ಒಂದು ಅವಧಿ, ಅದೂ ಅಧ್ಯಾಯದ ಮೊದಲ ಅವಧಿ ಸಾಕು. ಅಲ್ಲಿ ಖರ್ಚಾದ ನಲವತ್ತು ನಿಮಿಷದಲ್ಲಿ ಒಂದಿಷ್ಟು, ವಿಧಾನವನ್ನು ಮೂರು ಮೂರು ಸಲ ಬಿಡಿಸಿ ಹೇಳುವುದು ತಪ್ಪುವುದರಿಂದ ಮರಳಿ ಸಿಗುತ್ತದೆ. ಪೂರ್ತಿ ಮರಳುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ. ಹೆಣಗಾಟದ ಹಾಳೆಗೆ ಅಂಕ ಕೊಡಬೇಡಿ. ಅಂಕ ಬಂದ ಕೂಡಲೇ ಮಕ್ಕಳು ತಪ್ಪನ್ನು ಅಳಿಸಿ ಬಚ್ಚಿಡುತ್ತಾರೆ, ಆಗ ನೀವು ನೋಡಬೇಕಾದದ್ದೇ ಕಾಣದಾಗುತ್ತದೆ. ಅಂದು ರಬ್ಬರ್ ಬಳಸಬಾರದು, ತಪ್ಪಾದದ್ದರ ಮೇಲೆ ಒಂದೇ ಗೆರೆ ಎಳೆಯಬೇಕು ಎಂಬುದು ನಮ್ಮ ತರಗತಿಯ ಕಟ್ಟಳೆ.

ಟ್ಯೂಷನ್ನಿಗೆ ಹೋಗುವ ಮಕ್ಕಳು ವಿಧಾನವನ್ನು ಮೊದಲೇ ಕಲಿತು ಬಂದಿರುತ್ತಾರೆ. ಅವರನ್ನು ಸುಮ್ಮನಿರಿಸಬೇಕಾಗಿಲ್ಲ, ‘ಗುಣಿಸಿ ಕಳೆದರೆ ಉತ್ತರ ಬರುತ್ತದೆ ಸರಿ, ಒಂದು ಬಿಲ್ಲಿನಿಂದ ಇನ್ನೊಂದನ್ನು ಕಳೆಯುವುದೆಂದರೆ ಅಂಗಡಿಯಲ್ಲಿ ಏನಾದಂತೆ?’ ಎಂದು ಕೇಳಿದರೆ ಅವರಿಗೂ ಕೆಲಸ ಸಿಗುತ್ತದೆ. ಮನೆಯಲ್ಲಿ ಲೆಕ್ಕ ಮಾಡಿಸುವ ತಾಯಿತಂದೆಗಳು ಬೀಜಗಣಿತ ಮರೆತಿದ್ದರೆ ಅದೇ ಅನುಕೂಲ. ‘ನನಗ ತಿಳಿಯಂಗ ಹೇಳು’ ಎಂದು ಕುಳಿತರೆ ಸಾಕು.

ಮಕ್ಕಳ ಕಚ್ಚಾ ಹಾಳೆಗಳಲ್ಲಿ ನಾಲ್ಕೈದನ್ನು, ಹೆಸರು ಮಡಚಿ, ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಮುಂದಿನ ವರ್ಷ ಯಾವ ತಪ್ಪು ಎಷ್ಟನೆಯ ನಿಮಿಷಕ್ಕೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಯಾವ ಪ್ರಶ್ನೆ ಸಿದ್ಧವಿರಬೇಕು ಎಂಬುದೂ ಗೊತ್ತಿರುತ್ತದೆ. ಮಿರ್ಚಿಯ ದರವನ್ನು ಮಾತ್ರ ಆಗಾಗ ಏರಿಸುತ್ತಿರಬೇಕು. ಹಳೆಯ ದರ ಬರೆದರೆ ಮಕ್ಕಳು ಲೆಕ್ಕ ಬಿಟ್ಟು ಆ ಅಂಗಡಿ ಎಲ್ಲಿದೆ ಎಂದು ಕೇಳುತ್ತಾರೆ.